ಅಂಗಳಕ್ಕೆ ಬಂದ ಅತಿಥಿಗಳ ಛಾಯಾಚಿತ್ರ

ಕವಿತೆಯನ್ನು ವಿಮರ್ಶಿಸುವವರು ನಮ್ಮಲ್ಲಿ ಧಾರಾಳವಾಗಿದ್ದಾರೆ. ನಾಟಕ ಮುಗಿದು ಮನೆಗೆ ಮರಳುವಾಗ, ಮಾಟುಂಗಾದಿಂದ ಮುಲುಂಡ್ ತಲಪುವಷ್ಟರಲ್ಲಿ ಪಾತ್ರಧಾರಿಗಳ ಗುಣದೋಷಗಳನ್ನೆಲ್ಲ ಲೋಕಲ್ ಗಾಡಿಯಲ್ಲೇ ಚರ್ಚಿಸಿ ಮುಗಿಸುವ ಸಹೃದಯರಿಗೂ ಕೊರತೆಯಿಲ್ಲ. ಯಕ್ಷಗಾನದ ಭಾಗವತಿಕೆಯಲ್ಲಿ ಒಂದು ತಾಳ ತಪ್ಪಿದರೂ ಹಿಡಿದು ತೋರಿಸುವ ಹಿರಿಯರು ನಮ್ಮ ಸಭೆಗಳಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಆದರೆ ದಿನಕ್ಕೆ ಹತ್ತಿಪ್ಪತ್ತರಂತೆ ನಮ್ಮ ಕಣ್ಣ ಮುಂದೆ ಹಾದುಹೋಗುವ ಹಕ್ಕಿ, ಪ್ರಾಣಿ, ಜಲಪಾತಗಳ ಛಾಯಾಚಿತ್ರಗಳ ಬಗ್ಗೆ ನಾವು ಆಡುವ ಮಾತು ಒಂದೇ: “ಬಹಳ ಚೆನ್ನಾಗಿದೆ.” ಚೆನ್ನಾಗಿದೆ ಎಂದರೆ ಏನು? ಯಾವುದು ಚೆನ್ನಾಗಿದೆ, ಪ್ರಾಣಿಯೋ, ಬೆಳಕೋ, ಕ್ಯಾಮರಾದ ಬೆಲೆಯೋ? ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಕಾಲ ಬಂದಿದೆ. ಮಿಕ್ಕ ಊರುಗಳವರಿಗೆ ಇದು ಬರಿಯ ರಸಿಕತೆಯ ಪ್ರಶ್ನೆಯಾಗಿರಬಹುದು. ಮುಲುಂಡ್‌ನವರಾದ ನಮಗೆ ಇದು ಜೀವನ್ಮರಣದ ಪ್ರಶ್ನೆ. ಅದು ನಮ್ಮದಲ್ಲದಿದ್ದರೆ ಚಿರತೆಯದು.

ಮುಲುಂಡ್‌ನ ನೆಲೆಯೇ ಹಾಗಿದೆ. ಪಶ್ಚಿಮಕ್ಕೆ ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು. ಪೂರ್ವಕ್ಕೆ ಹೆದ್ದಾರಿ ದಾಟಿದರೆ ಉಪ್ಪಿನ ಗದ್ದೆಗಳು, ಕಾಂಡ್ಲಾ ಕಾಡು, ಠಾಣೆ ಖಾರಿ. ನಡುವೆ ರೈಲು ಹಳಿ, ಅದರ ಎರಡೂ ಬದಿಗೆ ನಾವು. ಇಷ್ಟು ದೊಡ್ಡ ನಗರದ ಒಳಗೆ ಚಿರತೆಗಳು ತಮ್ಮಷ್ಟಕ್ಕೆ ಸಂಸಾರ ಮಾಡಿಕೊಂಡಿರುವ ಜಾಗ ಜಗತ್ತಿನಲ್ಲಿ ಇನ್ನೊಂದು ಸಿಗುವುದು ಕಷ್ಟ. ಹೀಗಾಗಿ ನಮ್ಮ ಸೊಸೈಟಿಯ ಅಂಗಳಕ್ಕೆ ಬರುವ ಅತಿಥಿಗಳ ಪಟ್ಟಿಯಲ್ಲಿ ಸೂರಕ್ಕಿ, ಮಡಿವಾಳ ಹಕ್ಕಿ, ಪಿಕಳಾರ, ಕಂಚುಕುಟಿಗಗಳ ಜೊತೆಗೆ ಚಿರತೆಯ ಹೆಸರೂ ಸೇರಿಕೊಳ್ಳುತ್ತದೆ.

2018ರ ಜನವರಿ 13ರಂದು ಮುಲುಂಡ್ ಪೂರ್ವದ ನಾನೇಪಾಡಾ ವಸತಿಗೆ ಚಿರತೆಯೊಂದು ನುಗ್ಗಿ 6 ಮಂದಿಯನ್ನು ಗಾಯಗೊಳಿಸಿತು. ಅರಣ್ಯ ಇಲಾಖೆಯವರು ಬಂದು ಅರಿವಳಿಕೆಯ ಮದ್ದು ಹಾರಿಸಿ ಅದನ್ನು ಹಿಡಿದರು. ಅಂದಿನ ಚಿತ್ರಗಳನ್ನು ನೆನಪಿಸಿಕೊಳ್ಳಿ. ಮೊಬೈಲಿನಿಂದ ಮೊಬೈಲಿಗೆ ಹರಿದು ಬಂದವು ಅವು. ಅಂಥ ಚಿತ್ರಗಳಲ್ಲಿ ಕಾಣುವುದು ಹಲ್ಲು ಕಿರಿದ ಒಂದು ಮೋರೆ, ಓಡುವ ಜನ, ಕಿರುಚಾಟ. ಆ ಪ್ರಾಣಿ ಸುತ್ತ ಸೇರಿದ ಜನರ ಗದ್ದಲಕ್ಕೆ ದಿಕ್ಕೆಟ್ಟು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಾರುತ್ತಿದೆ ಎಂಬ ಸಂಗತಿ ಚೌಕಟ್ಟಿನ ಹೊರಗೇ ಉಳಿಯುತ್ತದೆ. ಗಾಯಗೊಂಡವರ ನೋವು ಸುಳ್ಳಲ್ಲ; ಅದನ್ನು ಹಗುರ ಮಾಡುವ ಉದ್ದೇಶವೂ ಇಲ್ಲ. ಆದರೆ ಚಿತ್ರ ತೆಗೆಯಬೇಕೆಂದು ಮುಂದೆ ನುಗ್ಗುವ ಪ್ರತಿಯೊಬ್ಬನೂ ಪ್ರಾಣಿ ತಪ್ಪಿಸಿಕೊಳ್ಳುವ ದಾರಿಯನ್ನು ಒಂದು ಗೇಣು ಕಿರಿದು ಮಾಡುತ್ತಾನೆ ಎಂಬುದನ್ನು ಮರೆಯಲಾಗದು. ಇಲ್ಲಿ ಛಾಯಾಚಿತ್ರವು ಘಟನೆಯ ದಾಖಲೆಯಾಗಿ ಮಾತ್ರ ಉಳಿಯುವುದಿಲ್ಲ, ಘಟನೆಯ ಕಾರಣಗಳಲ್ಲೂ ಒಂದಾಗುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವನ್ನು ಇಟ್ಟು ನೋಡೋಣ. 2016ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯ ನಗರ ವಿಭಾಗದಲ್ಲಿ ಮುಂಬಯಿಯ ನಯನ್ ಖಾನೋಲ್ಕರ್ ಅವರ ‘ದಿ ಆಲಿ ಕ್ಯಾಟ್’ ಎಂಬ ಚಿತ್ರ ಬಹುಮಾನ ಪಡೆಯಿತು. ನಮ್ಮ ಗುಡ್ಡದ ಆಚೆ ಮಗ್ಗುಲಿನ ಆರೆ ಕಾಲೊನಿಯಲ್ಲಿ ವಾರ್ಲಿ ಜನರ ಮನೆಗಳ ನಡುವಿನ ಓಣಿ, ರಾತ್ರಿ, ಆ ಓಣಿಯಲ್ಲಿ ಒಂದು ಚಿರತೆ ನಡೆದು ಬರುತ್ತಿದೆ. ಅಷ್ಟೇ. ಅದು ಗರ್ಜಿಸುತ್ತಿಲ್ಲ, ಯಾರ ಮೇಲೂ ಎರಗುತ್ತಿಲ್ಲ. ರಾತ್ರಿಪಾಳಿ ಮುಗಿಸಿ ಮನೆಗೆ ಹೋಗುವ ಕಾರ್ಮಿಕನಂತೆ ತನ್ನ ದಾರಿ ತಾನು ಹಿಡಿದಿದೆ.

ಈ ಚಿತ್ರದ ಹಿರಿಮೆ ಎಲ್ಲಿದೆ? ನಾನು ಕಂಡಂತೆ ಮೂರು ಕಡೆ. ಮೊದಲನೆಯದು, ಚಿರತೆ ಚೌಕಟ್ಟನ್ನು ತುಂಬಿಕೊಂಡಿಲ್ಲ. ಮನೆಯ ಗೋಡೆ, ಓಣಿಯ ನೆಲ, ಬೆಳಕಿನ ಮಬ್ಬು ಇವಕ್ಕೂ ಅದರಷ್ಟೇ ಮಹತ್ವವಿದೆ. ನೋಡಿದವನಿಗೆ ‘ಚಿರತೆ’ ಎನ್ನುವುದರ ಜೊತೆಗೇ ‘ಚಿರತೆ ಇರುವ ಊರು’ ಎಂಬ ಅರಿವೂ ಮೂಡುತ್ತದೆ. ಎರಡನೆಯದು, ಬೆಳಕು. ಓಣಿಯಲ್ಲಿ ಮಾಮೂಲಾಗಿ ಇರುವ ದೀಪದ ಬೆಳಕನ್ನೇ ಹೋಲುವಂತೆ ಫ್ಲ್ಯಾಶ್‌ಗಳನ್ನು ಜೋಡಿಸಿದ್ದರಿಂದ ನಾಟಕದ ರಂಗದೀಪದ ಅತಿರೇಕ ಇಲ್ಲಿಲ್ಲ. ಮೂರನೆಯದು, ತಾಳ್ಮೆ. ಪ್ರಾಣಿ ತಾನಾಗಿ ಹಾದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾವನ್ನು ಇಟ್ಟು, ಅಲ್ಲಿನ ವಾರ್ಲಿ ಜನರ ಒಪ್ಪಿಗೆ ಪಡೆದು, ಸುಮಾರು 4 ತಿಂಗಳು ಕಾದ ಮೇಲೆ ಈ ಒಂದು ಚಿತ್ರ ದಕ್ಕಿದೆ. ಚಿರತೆಯನ್ನು ಯಾರೂ ಅಟ್ಟಲಿಲ್ಲ, ಕರೆಯಲೂ ಇಲ್ಲ.

ಕೊರತೆಯೊಂದನ್ನೂ ಹೇಳಬೇಕು. ಆ ಓಣಿಯಲ್ಲಿ ಬಾಳುವ ಜನ ಚಿತ್ರದೊಳಗೆ ಇಲ್ಲ. ಅವರ ಗೋಡೆ ಇದೆ, ಅವರಿಲ್ಲ. ಚಿರತೆಯೊಡನೆ ಬಾಳುವುದನ್ನು ಕಲಿತವರು ಅವರು. ವಾಘೋಬಾ ಎಂಬ ದೇವರನ್ನು ಸೂರ್ಯಚಂದ್ರರ ಜೊತೆಗೆ ಕಲ್ಲಿನಲ್ಲಿ ಕೆತ್ತಿ ಪೂಜಿಸುವವರು ಅವರು. ನಮ್ಮ ತುಳುನಾಡಿನವರಿಗೆ ಪಿಲಿಚಾಮುಂಡಿ ಇದ್ದಂತೆ ಇವರಿಗೆ ವಾಘೋಬಾ. ಕ್ಯಾಮರಾ ಹುಟ್ಟುವ ಎಷ್ಟೋ ಮೊದಲೇ ಈ ಗುಡ್ಡಗಳಲ್ಲಿ ಹುಲಿಚಿರತೆಗಳ ಚಿತ್ರ ಇತ್ತು. ಅದನ್ನು ಮಾಡಿದವನು ಅಂಜಿಕೆ ಮತ್ತು ಗೌರವ ಎರಡನ್ನೂ ಒಂದೇ ಕಲ್ಲಿನಲ್ಲಿ ತೋರಿಸಿದ್ದ. ಬಹುಮಾನದ ಚಿತ್ರದಲ್ಲಿ ಆ ಕಲ್ಲಿನ ನೆರಳಾದರೂ ಬಿದ್ದಿದ್ದರೆ ಎಂದು ಅನ್ನಿಸುತ್ತದೆ. ಹಾಗಿದ್ದರೂ ಮುಲುಂಡ್‌ನ ಪ್ರತಿ ಸೊಸೈಟಿಯ ಸೂಚನಾಫಲಕದಲ್ಲಿ ತೂಗುಹಾಕಲು ಯೋಗ್ಯವಾದ ಚಿತ್ರ ಅದು.

ಏಕೆಂದರೆ, ಸಿ.ಸಿ. ಟಿ.ವಿ.ಯ ಒಂದು ಮಸುಕು ತುಣುಕಿನಲ್ಲಿ ಕಾಂಪೌಂಡ್ ಗೋಡೆ ಹಾರುವ ಚಿರತೆ ಕಂಡ ಮರುಕ್ಷಣ ನಮ್ಮಲ್ಲಿ ಏಳುವ ಕೂಗು ಒಂದೇ: “ಹಿಡಿದು ದೂರ ಬಿಡಿ.” ಹಾಗೆ ಹಿಡಿದು ದೂರ ಬಿಟ್ಟ ಕಡೆ ಏನಾಯಿತೆಂಬುದು ಗೊತ್ತಿದೆ. ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ಡಾ. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಂತೆ, ಚಿರತೆಗಳನ್ನು ಸೆರೆಹಿಡಿದು ಬೇರೆಡೆ ಬಿಡುವ ಕಾರ್ಯಕ್ರಮ ಆರಂಭವಾಗುವ ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಆಕ್ರಮಣಗಳು 2001ರ ಬಳಿಕ 17ಕ್ಕೆ ಏರಿದವು. ಅಪರಿಚಿತ ಜಾಗಕ್ಕೆ ತಂದು ಬಿಟ್ಟ ಪ್ರಾಣಿ ದಾರಿ ತಪ್ಪುತ್ತದೆ. ಖಾಲಿಯಾದ ಜಾಗಕ್ಕೆ ಹೊಸದೊಂದು ಬರುತ್ತದೆ. ಮುಂಬಯಿಯಲ್ಲೇ 2004ರ ಜೂನ್ ತಿಂಗಳೊಂದರಲ್ಲಿ ಹಲವರು ಚಿರತೆಗೆ ಬಲಿಯಾದುದನ್ನು ಹಳಬರು ಮರೆತಿಲ್ಲ. ಹೊರಗಿನಿಂದ ತಂದು ಬಿಟ್ಟ ಚಿರತೆಗಳೂ ಅದಕ್ಕೆ ಕಾರಣವಾಗಿದ್ದವೆಂಬುದು ಆಮೇಲೆ ತಿಳಿದವರು ಕಂಡುಕೊಂಡ ಮಾತು. 2011ರಲ್ಲಿ ಅರಣ್ಯ ಇಲಾಖೆ, ಸಂಶೋಧಕರು ಮತ್ತು ನಾಗರಿಕರು ಕೂಡಿ ಆರಂಭಿಸಿದ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ ಕಾರ್ಯಕ್ರಮ ಹೇಳಿದ್ದೂ ಇದನ್ನೇ: ಕಸ ಎಸೆದರೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಹೀಗಿರುವಾಗ ಚಿರತೆಯ ಚಿತ್ರಕ್ಕೆ ಹೌಹಾರಿ ಬೋನು ಕೇಳುವುದಕ್ಕಿಂತ ಕಸದ ತೊಟ್ಟಿಯ ಚಿತ್ರ ತೆಗೆದು ಕಾರ್ಯದರ್ಶಿಗೆ ಕಳಿಸುವುದು ಮೇಲು.

ತಾನಾಗಿ ಚಿತ್ರ ತೆಗೆಯುವ ಕ್ಯಾಮರಾ ಹೊಸದೇನಲ್ಲ. ಬ್ರಿಟಿಷ್ ಕಾಲದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹುಲಿಯ ದಾರಿಯಲ್ಲಿ ತಂತಿ ಕಟ್ಟಿ, ಅದರ ಕಾಲು ತಗುಲಿದಾಗ ಚಿತ್ರ ಮೂಡುವಂತೆ ಮಾಡಿದ್ದರು. ಅವರ ಪುಸ್ತಕ ಹೊರಬಂದದ್ದು 1927ರಲ್ಲಿ, ಸಾಹೇಬರೆಲ್ಲ ಕೋವಿ ಹಿಡಿದು ಕಾಡಿಗೆ ಹೋಗುತ್ತಿದ್ದ ಕಾಲದಲ್ಲಿ. ಅದೇ ಉಪಾಯವನ್ನು ವಿಜ್ಞಾನಕ್ಕೆ ದುಡಿಸಿಕೊಂಡವರು ನಮ್ಮವರೇ. ಶಿವರಾಮ ಕಾರಂತರ ಪುತ್ರ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಇಂಥ ಕ್ಯಾಮರಾಗಳಿಂದ ಹುಲಿಗಳ ಪಟ್ಟೆ ಗುರುತಿಸಿ ಅವುಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ಬೆಳೆಸಿದರು. ನಮ್ಮ ಹಸ್ತರೇಖೆಯಂತೆ ಪ್ರತಿ ಹುಲಿಯ ಪಟ್ಟೆ ಬೇರೆ, ಪ್ರತಿ ಚಿರತೆಯ ಚುಕ್ಕಿ ಬೇರೆ. ನಮ್ಮ ಉದ್ಯಾನದಲ್ಲಿ ನಿಕಿತ್ ಸುರ್ವೆ ಮತ್ತು ಸಂಗಡಿಗರು ಇದೇ ರೀತಿ ಎಣಿಸಿದಾಗ ಉದ್ಯಾನ ಮತ್ತು ಅದರ ಆಸುಪಾಸಿನಲ್ಲಿ 2015ರಲ್ಲಿ 35, 2018ರಲ್ಲಿ 47 ಚಿರತೆಗಳು ಲೆಕ್ಕಕ್ಕೆ ಸಿಕ್ಕವು. ಈ ಚಿತ್ರಗಳಲ್ಲಿ ಬಹಳಷ್ಟಕ್ಕೆ ಸೌಂದರ್ಯವೇ ಇಲ್ಲ. ಬಾಲ ಕತ್ತರಿಸಿಹೋಗಿರುತ್ತದೆ, ಮುಖ ತಿರುಗಿರುತ್ತದೆ. ಆದರೂ ಒಂದು ಕಾಡು ಉಳಿಯಬೇಕೆಂದು ವಾದಿಸುವಾಗ ಅವೇ ಸಾಕ್ಷಿ ನುಡಿಯುತ್ತವೆ. ಚಂದವಿಲ್ಲದ ಚಿತ್ರಕ್ಕೂ ಒಂದು ಘನತೆ ಉಂಟು ಎಂಬುದನ್ನು ವಿಮರ್ಶಕ ಒಪ್ಪಿಕೊಳ್ಳಬೇಕು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯೇ ಇದೆ. ಸಂಡೂರಿನ ಎಂ. ವೈ. ಘೋರ್ಪಡೆಯವರು 1972ರಿಂದ 1977ರವರೆಗೆ ಕರ್ನಾಟಕದ ಹಣಕಾಸಿನ ಮಂತ್ರಿಯಾಗಿದ್ದವರು. ಆಯವ್ಯಯದ ಅಂಕಿಗಳಷ್ಟೇ ಶ್ರದ್ಧೆಯಿಂದ ಆನೆಗಳನ್ನು ನೋಡಿದವರು. 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಗ್ರಂಥದ ಹೆಸರೇ ಅವರ ಕಲೆಯ ಗುಟ್ಟನ್ನು ಹೇಳುತ್ತದೆ. ಅವರ ಕಪ್ಪುಬಿಳುಪಿನ ಚಿತ್ರಗಳಲ್ಲಿ ನೆರಳಿಗೂ ಬಿಸಿಲಿನಷ್ಟೇ ಕೆಲಸವಿದೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು ಓ. ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತು, ತಾವು ಕಲಿತದ್ದನ್ನು ಮುಂದಿನ ತಲೆಮಾರಿಗೆ ಧಾರೆಯೆರೆದು 2017ರಲ್ಲಿ ತೀರಿಕೊಂಡರು. ಇ. ಹನುಮಂತರಾಯರದೂ ಅದೇ ಕಾಲದ ದೊಡ್ಡ ಹೆಸರು. ಮೈಸೂರಿನ ಕೃಪಾಕರ ಮತ್ತು ಸೇನಾನಿ ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದು ತೆಗೆದ ‘ದಿ ಪ್ಯಾಕ್’ ಚಲನಚಿತ್ರಕ್ಕೆ 2010ರಲ್ಲಿ ಹಸಿರು ಆಸ್ಕರ್ ಎಂದು ಕರೆಯುವ ಪ್ರಶಸ್ತಿ ಬಂತು. ಜನ ಒಂದು ಕಾಲಕ್ಕೆ ಪೀಡೆಯೆಂದು ಕೊಲ್ಲುತ್ತಿದ್ದ ಪ್ರಾಣಿಯ ಸಂಸಾರವನ್ನು ಅವರು ಪ್ರೀತಿ ಹುಟ್ಟುವಂತೆ ತೋರಿಸಿದರು.

ಹಳೆಯ ತಲೆಮಾರಿನವರು ಹಕ್ಕಿಗಳನ್ನು ಹೆಚ್ಚಾಗಿ ಗೂಡಿನ ಬಳಿಯೇ ತೆಗೆದರು ಎಂಬುದನ್ನೂ ಇಲ್ಲಿ ಹೇಳಬೇಕು. ಮಸೂರಗಳ ಶಕ್ತಿ ಕಡಿಮೆ, ಫಿಲ್ಮಿನ ವೇಗ ಕಡಿಮೆ. ಗೂಡಿನ ಹತ್ತಿರ ಅಡಗುದಾಣ ಕಟ್ಟಿ ಕೂರದೆ ಗತ್ಯಂತರವಿರಲಿಲ್ಲ. ಅವರು ಅದನ್ನು ಬಹಳ ಎಚ್ಚರದಿಂದ ಮಾಡಿದರು. ಆದರೆ ದೂರದಿಂದಲೇ ಗರಿಗರಿಯನ್ನು ಹಿಡಿಯುವ ಮಸೂರಗಳು ಕೈಗೆ ಬಂದಿರುವಾಗ ಅದೇ ಪದ್ಧತಿಯನ್ನು ಮುಂದುವರಿಸಲು ನಮಗೆ ನೆಪವಿಲ್ಲ. ಗುರುಗಳ ಚಿತ್ರವನ್ನು ಮೆಚ್ಚೋಣ, ಅವರ ಅನಿವಾರ್ಯವನ್ನು ಅನುಕರಿಸುವುದು ಬೇಡ.

ಇವರೆಲ್ಲರಿಗಿಂತ ನಮ್ಮಂಥ ಮನೆವಾರ್ತೆಯವರಿಗೆ ಹತ್ತಿರದವರು ಪೂರ್ಣಚಂದ್ರ ತೇಜಸ್ವಿ. ಅವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲಲ್ಲೇ ಹಕ್ಕಿಗಳನ್ನು ನೋಡಿದರು. ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’ ಪುಸ್ತಕಗಳಲ್ಲಿ ಹಕ್ಕಿಯ ಚಿತ್ರದ ಪಕ್ಕದಲ್ಲಿ ಅದರ ಬದುಕಿದೆ, ಕನ್ನಡದ ಹೆಸರಿದೆ. ಚಿತ್ರ ಮಾತ್ರ ಇದ್ದಿದ್ದರೆ ನಾವು ನೋಡಿ ಪುಟ ತಿರುಗಿಸುತ್ತಿದ್ದೆವು. ಹೆಸರು ಸಿಕ್ಕಿದ್ದರಿಂದ ಹಕ್ಕಿ ನಮ್ಮದಾಯಿತು. ಮರಾಠಿ, ಇಂಗ್ಲಿಷ್, ಹಿಂದಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಕಿಟಕಿಯ ಹಕ್ಕಿಯನ್ನು ‘ಸನ್‌ಬರ್ಡ್’ ಎಂದು ಗುರುತಿಸುವುದು ಸಂತೋಷವೇ; ಅದೇ ‘ಸೂರಕ್ಕಿ’ ಎಂದು ತಿಳಿದರೆ ಅಜ್ಜಿಯ ಊರಿನ ಅಂಗಳದಲ್ಲೂ ಅದು ಇದೆಯೆಂಬ ನಂಟು ಬೆಳೆಯುತ್ತದೆ.

ಆ ಸೂರಕ್ಕಿಯ ಮಾತಿಗೆ ಬರೋಣ. ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವ ತಂತಿಗೋ ಮನಿಪ್ಲಾಂಟಿನ ಬಳ್ಳಿಗೋ ಜೇಡರ ಬಲೆ, ನಾರು, ಒಣಸೊಪ್ಪು ಸೇರಿಸಿ ಚೀಲದಂಥ ಗೂಡು ನೇಯುವುದು ಅದರ ರೂಢಿ. ಕಂಡೊಡನೆ ಮನೆಮಂದಿಯೆಲ್ಲ ಮೊಬೈಲು ಹಿಡಿದು ನಿಲ್ಲುತ್ತಾರೆ. ಚಿತ್ರಕ್ಕೆ ಅಡ್ಡವಾಗುವ ಎರಡು ಎಲೆಗಳನ್ನು ಸರಿಸುತ್ತಾರೆ. ಆ ಎಲೆಗಳು ಇದ್ದದ್ದೇ ಕಾಗೆಯ ಕಣ್ಣು ತಪ್ಪಿಸಲು. ಹತ್ತು ದಿನ ಕೈಕಟ್ಟಿ ದೂರ ನಿಂತರೆ ಮರಿಗಳು ಹಾರುವುದನ್ನು ನೋಡಬಹುದು. ಗೂಡಿನೊಳಗೆ ಕ್ಯಾಮರಾ ತೂರಿಸಿದರೆ ಖಾಲಿ ಗೂಡಿನ ಚಿತ್ರ ಮಾತ್ರ ಉಳಿಯುವ ಸಂಭವವೇ ಹೆಚ್ಚು.

ಅತ್ತ ಕುಂಡದಲ್ಲಿನ ಕರಿಬೇವನ್ನೂ ನೋಡಿ. ಮುಂಬಯಿಯ ಯಾವ ಕನ್ನಡಿಗರ ಮನೆಯಲ್ಲಿ ಅದಿಲ್ಲ! ಅದರ ಎಲೆಗಳನ್ನು ಹುಳು ತಿಂದಿತೆಂದು ಬೈದು ಕಿತ್ತೆಸೆಯುವ ಮೊದಲು ಒಂದು ಕ್ಷಣ ನಿಲ್ಲಿ. ಅದು ಬಹುಮಟ್ಟಿಗೆ ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಮೊದಲ ದಿನಗಳಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಆಮೇಲೆ ಎಲೆಯ ಹಸಿರು ಬಣ್ಣ ತಾಳುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಹೊರಚಾಚಿ ವಾಸನೆ ಬಿಡುತ್ತದೆ. ಹೆಣ್ಣು ಚಿಟ್ಟೆಗಳಲ್ಲಿ ಕೆಲವು, ಹಕ್ಕಿಗಳು ತಿನ್ನಲು ಒಲ್ಲದ ಕಾಮನ್ ರೋಸ್ ಎಂಬ ಬೇರೊಂದು ಚಿಟ್ಟೆಯ ವೇಷ ಹಾಕಿಕೊಂಡು ಬದುಕುತ್ತವೆ. ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾದರೂ, ಒಂದು ಗಿಡದ ಮುಂದೆ ದಿನಕ್ಕೊಂದರಂತೆ ತಿಂಗಳೊಪ್ಪತ್ತು ತೆಗೆದ ಚಿತ್ರಗಳು ಯಾವ ಸಫಾರಿಯ ಚಿತ್ರಗಳಿಗೂ ಕಡಿಮೆಯಲ್ಲ. ಇಲ್ಲಿ ದುಬಾರಿ ಮಸೂರ ಬೇಡ, ಪ್ರಾಣಿಗೆ ಉಪದ್ರವವಿಲ್ಲ, ಕಥೆಗೆ ಆದಿ ಅಂತ್ಯಗಳಿವೆ. ಮಕ್ಕಳ ಕೈಗೆ ಕ್ಯಾಮರಾ ಕೊಡುವುದಾದರೆ ಇಲ್ಲಿಂದ ಆರಂಭಿಸಬೇಕು.

ಖಾರಿಯ ಕಡೆಗೆ ಹೊರಳಿದರೆ ರಾಜಹಂಸಗಳು. ಠಾಣೆ ಖಾರಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಇಲ್ಲಿ ಎಲ್ಲರಿಗೂ ಬೇಕಾದ ಚಿತ್ರ ಒಂದೇ: ಸಾವಿರಾರು ಹಕ್ಕಿಗಳು ಒಮ್ಮೆಲೇ ಏಳುವ ಗುಲಾಬಿ ಮೋಡ. ಆದರೆ ಹಕ್ಕಿಗಳು ಒಮ್ಮೆಲೇ ಏಳುವುದು ಬಹುಪಾಲು ಬೆದರಿದಾಗ. ಇಳಿತದ ಹೊತ್ತಿನಲ್ಲಿ ಕೆಸರು ತೆರೆದಿರುವಷ್ಟೇ ಕಾಲ ಅವಕ್ಕೆ ಊಟ. ಕೊಕ್ಕನ್ನು ತಲೆಕೆಳಗಾಗಿಸಿ ಕೆಸರುನೀರನ್ನು ಸೋಸಿ ಪಾಚಿ, ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ; ಆ ಗುಲಾಬಿ ಬಣ್ಣವೂ ಆಹಾರದಿಂದಲೇ ಬಂದದ್ದು. ಚಿತ್ರಕ್ಕಾಗಿ ದೋಣಿಯನ್ನು ಹತ್ತಿರ ಒಯ್ದು ಹಾರಿಸಿದರೆ ಉಣ್ಣುವವನ ತಟ್ಟೆ ಎಳೆದು ಚಿತ್ರ ತೆಗೆದಂತೆ. ತಲೆ ಬಗ್ಗಿಸಿ ಉಣ್ಣುತ್ತಿರುವ ಹಿಂಡು, ಅದರ ಹಿಂದೆ ಮಬ್ಬಿನಲ್ಲಿ ನಿಂತ ನಮ್ಮ ಕಟ್ಟಡಗಳು: ಇದು ನಿಜವಾದ ಮುಂಬಯಿ ಚಿತ್ರ.

ಇನ್ನು ನಿಸರ್ಗ ದೃಶ್ಯಗಳ ವಿಚಾರ. ಊರು ಬಿಟ್ಟು ಬಂದವರ ಗೋಡೆಯಲ್ಲಿ ಜೋಗದ ಕ್ಯಾಲೆಂಡರ್ ಇದ್ದೇ ಇರುತ್ತಿತ್ತು. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಧುಮುಕುವ ಆ ನೋಟ ಸುಳ್ಳಲ್ಲ. ಆದರೆ ಮಳೆಗಾಲದ ಕೆಲವು ವಾರಗಳ ಸತ್ಯ. ಮೇಲ್ಗಡೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಬೇಸಿಗೆಯ ಜೋಗ ಬರಿಯ ಬಂಡೆ. ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಳು. ಮುಳುಗಡೆಯ ಹಳ್ಳಿಗಳವರು ಮನೆಮಠ ಕಳೆದುಕೊಂಡು ಚದುರಿದರು. ಕ್ಯಾಲೆಂಡರಿನಲ್ಲಿ ಅವರಿಲ್ಲ. ನಮ್ಮ ಗುಡ್ಡದೊಳಗಿನ ವಿಹಾರ ಕೆರೆಯ ಕಥೆಯೂ ಇದೇ. ಚಿತ್ರದಲ್ಲಿ ಅದು ಆದಿಕಾಲದ ಸರೋವರದಂತೆ ಕಾಣುತ್ತದೆ. ನಿಜದಲ್ಲಿ ನಗರಕ್ಕೆ ಕುಡಿಯುವ ನೀರಿಗಾಗಿ ಮಿಠಿ ನದಿಗೆ ಅಡ್ಡ ಕಟ್ಟಿ 1860ರಲ್ಲಿ ಮುಗಿಸಿದ ಜಲಾಶಯ. ತುಳಸಿ ಕೆರೆ 1879ರದು. ಕಾಡು ಉಳಿದದ್ದಕ್ಕೆ ಈ ನೀರಿನ ಅಗತ್ಯವೂ ಒಂದು ಕಾರಣ. ಇದನ್ನು ತಿಳಿದು ನೋಡಿದರೆ ಚಿತ್ರದ ಸೊಬಗು ಕಡಿಮೆಯಾಗದು, ಅದರ ಅರ್ಥ ಹೆಚ್ಚುತ್ತದೆ.

2020ರ ಆರಂಭದಲ್ಲಿ ಚಿತ್ರಮಂದಿರಗಳಿಗೆ ಬಂದ ‘ವೈಲ್ಡ್ ಕರ್ನಾಟಕ’ ಮತ್ತು 2022ರ ಅಕ್ಟೋಬರಿನಲ್ಲಿ ತೆರೆಕಂಡ ಪುನೀತ್ ರಾಜಕುಮಾರರ ‘ಗಂಧದ ಗುಡಿ’ಯನ್ನು ಈ ದೃಷ್ಟಿಯಿಂದಲೇ ಅಳೆಯಬೇಕು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ ಮೊದಲನೆಯದು ಡೇವಿಡ್ ಅಟೆನ್‌ಬರೋ ಅವರ ದನಿಯಲ್ಲಿ ನಾಡಿನ ಜೀವಸಂಪತ್ತನ್ನು ಬೆರಗಾಗುವಂತೆ ತೋರಿಸಿತು. ಆದರೆ ಮನುಷ್ಯ ಅಲ್ಲಿ ಹೆಚ್ಚಾಗಿ ಚೌಕಟ್ಟಿನ ಹೊರಗೇ. ಎರಡನೆಯದರಲ್ಲಿ ಒಬ್ಬ ನಾಯಕನಟ ಪಾತ್ರದ ಸೋಗನ್ನು ಕಳಚಿ ತನ್ನ ಹೆಸರಿನಲ್ಲೇ ಕಾಡಿಗೆ ಹೋದ. 1973ರ ‘ಗಂಧದ ಗುಡಿ’ಯಲ್ಲಿ ತಂದೆ ಅರಣ್ಯಾಧಿಕಾರಿಯಾಗಿ ಕಾಡನ್ನು ಕಾಯುವವನ ಪಾತ್ರ ವಹಿಸಿದ್ದರು, ಮಗ ನೋಡುವವನಾಗಿ, ಕೇಳುವವನಾಗಿ ಹೋದ. ಈ ಬದಲಾವಣೆಯೇ ಆ ಚಿತ್ರದ ಸತ್ವ. ಆಕಾಶದಿಂದ ತೆಗೆದ ದೃಶ್ಯಗಳ ವೈಭವ ಸ್ವಲ್ಪ ಕಡಿಮೆಯಾಗಿ ಕಾಡಂಚಿನ ಜನರ ಮಾತು ಇನ್ನಷ್ಟು ಹೆಚ್ಚಿದ್ದರೆ ಅದು ಇನ್ನೂ ಮೇಲಕ್ಕೇರುತ್ತಿತ್ತು. ಊರಿನ ನೆನಪಿನಿಂದ ಕಣ್ಣು ತುಂಬಿಕೊಂಡು ನೋಡುವ ನಮಗೆ ಈ ಕೊರತೆ ಬೇಗ ಕಾಣಿಸದು.

ಚಿತ್ರ ಹೇಗೆ ದಕ್ಕಿತು ಎಂಬ ಪ್ರಶ್ನೆ ಬರಿಯ ನೀತಿಬೋಧೆಯಲ್ಲ. ಲಂಡನ್ನಿನ ಅದೇ ಸ್ಪರ್ಧೆಯಲ್ಲಿ 2009ರಲ್ಲಿ ಗೇಟು ಹಾರುವ ತೋಳದ ಚಿತ್ರ ಮೊದಲ ಬಹುಮಾನ ಗಳಿಸಿತ್ತು. ಅದು ಪಳಗಿಸಿದ ತೋಳವಾಗಿರುವುದೇ ಹೆಚ್ಚು ಸಂಭವ ಎಂದು ತೀರ್ಪುಗಾರರಿಗೆ ಮನವರಿಕೆಯಾಗಿ, 2010ರಲ್ಲಿ ಬಹುಮಾನವನ್ನು ಹಿಂದಕ್ಕೆ ಪಡೆದರು. ಚಿತ್ರದ ಬೆಳಕು, ವಿನ್ಯಾಸ ಒಂದಿಷ್ಟೂ ಬದಲಾಗಿರಲಿಲ್ಲ, ಬದಲಾದದ್ದು ನಂಬಿಕೆ. ನಮ್ಮ ಕಾನೂನೂ ಈ ಮಾತನ್ನು ಒಪ್ಪುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೆಯ ಕಲಮಿನಂತೆ ಅಭಯಾರಣ್ಯದಲ್ಲಿ ಛಾಯಾಗ್ರಹಣಕ್ಕೆ ಅನುಮತಿ ಬೇಕು. ನೆಲೆಯನ್ನು ಬದಲಿಸದೆ, ಪ್ರಾಣಿಗೆ ತೊಂದರೆಯಾಗದಂತೆ ತೆಗೆಯಬೇಕೆಂಬ ಮಾತನ್ನು 2022ರ ತಿದ್ದುಪಡಿ ಸೇರಿಸಿತು.

ಆದುದರಿಂದ ಮುಂದೆ ಯಾರಾದರೂ ಒಂದು ಹಕ್ಕಿಯನ್ನೋ ಚಿರತೆಯನ್ನೋ ತೋರಿಸಿ “ಹೇಗಿದೆ?” ಎಂದು ಕೇಳಿದರೆ ಮೂರು ಮಾತು ಕೇಳೋಣ. ಎಲ್ಲಿ, ಯಾರ ನಡುವೆ ಬದುಕುವ ಜೀವ ಇದು? ಚಿತ್ರ ದಕ್ಕಿದ್ದು ಹೇಗೆ? ತೆಗೆದ ಮೇಲೆ ಆ ಜೀವದ ಗತಿ ಏನಾಯಿತು? ಉತ್ತರ ಚಿತ್ರದಲ್ಲೇ ಇದ್ದರೆ ಅದು ಉತ್ತಮ, ಅಡಿಬರಹದಲ್ಲಿದ್ದರೆ ಮಧ್ಯಮ, ಎಲ್ಲೂ ಇಲ್ಲದಿದ್ದರೆ ಎಷ್ಟು ಚಂದವಿದ್ದರೂ ಅಧಮ. ಕನ್ನಡ ಸಂಘಗಳು ರಾಜ್ಯೋತ್ಸವದ ಹೊತ್ತಿಗೆ ಚಿತ್ರಕಲೆ, ರಂಗೋಲಿ ಸ್ಪರ್ಧೆಗಳ ಜೊತೆಗೆ ಛಾಯಾಚಿತ್ರ ಸ್ಪರ್ಧೆಯನ್ನೂ ನಡೆಸುವುದಾದರೆ ಒಂದು ನಿಯಮ ಇಡಲಿ: ಗೂಡಿನ ಚಿತ್ರ ಬೇಡ, ಪ್ರತಿ ಚಿತ್ರದ ಕೆಳಗೆ ಜೀವಿಯ ಕನ್ನಡ ಹೆಸರು, ಕಂಡ ಜಾಗ, ಕಾದ ಹೊತ್ತು ಇವನ್ನು ಸ್ಪರ್ಧಿಯೇ ಕನ್ನಡದಲ್ಲಿ ಬರೆಯಲಿ. ಚಿತ್ರಕ್ಕೆ ಅರ್ಧ ಅಂಕ, ಬರಹಕ್ಕೆ ಅರ್ಧ ಅಂಕ. ನಮ್ಮ ಹುಡುಗರಿಗೆ ಅದರಿಂದ ಭಾಷೆಯೂ ಸ್ವಲ್ಪ ಬಂದೀತು. ಗೋಡೆ ಹಾರಿ ಬರುವ ಅತಿಥಿಯನ್ನು ಕಂಡಾಗ ಬೋನಿಗಾಗಿ ಕೂಗುವ ಮೊದಲು ದೀಪ ಹಾಕಿ, ಬಾಗಿಲು ಮುಚ್ಚಿ, ಅದಕ್ಕೆ ಹೋಗಲು ದಾರಿ ಬಿಡುವ ವಿವೇಕವೂ ಬಂದೀತು.